ಮೇರಿ ಕ್ಯೂರಿ ಮತ್ತು ಒಂದು ಗ್ರಾಂ ರೇಡಿಯಂ

ನಮ್ಮ ಪತ್ರಿಕೆಯ ಈ ಪುಟದಲ್ಲಿ ಪ್ರತಿ ಸಲ ಒಬ್ಬ ದೊಡ್ಡ ವ್ಯಕ್ತಿಯ ಜೀವನ ಬರುತ್ತದೆ. ಈ ಸಲ ಬರೆಯುವ ಸರದಿ ನನ್ನದು. ಮೇರಿ ಕ್ಯೂರಿ ಎಂದು ಹೆಸರು ಕೊಟ್ಟಾಗ, ಕಾಮರ್ಸ್‌ನವರಿಗೆ ರೇಡಿಯಂ ಯಾಕೆ ಎಂದು ಸೈನ್ಸ್ ಸೆಕ್ಷನ್ ಗೆಳತಿಯರು ನಕ್ಕರು. ಕಾರಣ ಇದೆ. ಕೆಲವು ದಿನಗಳ ಹಿಂದೆ ನಮ್ಮ ತರಗತಿಯಲ್ಲಿ ಡರ್ಟಿ ಬಾಂಬ್ ಮಾತು ಬಂತು. ಸಾಮಾನ್ಯ ಸ್ಫೋಟಕದ ಜೊತೆ ವಿಕಿರಣ ಸೂಸುವ ವಸ್ತುವನ್ನು ಸೇರಿಸಿ ಸಿಡಿಸುವುದಕ್ಕೆ ಹಾಗೆನ್ನುತ್ತಾರೆ. ಅರ್ಧ ತರಗತಿ ಅದನ್ನು ಹಿರೋಷಿಮಾ ಬಾಂಬಿನ ತಮ್ಮ ಎಂದೇ ನಂಬಿತ್ತು. ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಅಂಥದ್ದೊಂದು ಸಿಡಿದರೆ ಕನಕಪುರದವರೆಗೆ ಒಬ್ಬರೂ ಉಳಿಯುವುದಿಲ್ಲ ಎಂದು ತೀರ್ಮಾನವೂ ಆಗಿಹೋಯಿತು. ಇದು ನಿಜವೇ ಎಂದು ಲೈಬ್ರರಿಯಲ್ಲಿ ಹುಡುಕುತ್ತಾ ಹೋದರೆ ಎಲ್ಲ ಲೆಕ್ಕದಲ್ಲೂ ಒಂದೇ ಹೆಸರು ಎದುರಾಗುತ್ತಿತ್ತು. ಅಕ್ಕಿಗೆ ಕಿಲೋ, ಹಾಲಿಗೆ ಲೀಟರ್ ಇರುವಂತೆ ವಿಕಿರಣಕ್ಕೆ ಬಹಳ ವರ್ಷ ಇದ್ದ ಅಳತೆಯ ಹೆಸರು ಕ್ಯೂರಿ. ಒಂದು ಗ್ರಾಂ ರೇಡಿಯಂನಲ್ಲಿ ಸೆಕೆಂಡಿಗೆ ಸುಮಾರು 3,700 ಕೋಟಿ ಪರಮಾಣುಗಳು ಒಡೆಯುತ್ತವೆ. ಅದು ಒಂದು ಕ್ಯೂರಿ. ಲೆಕ್ಕ ಎಂದಮೇಲೆ ಅದು ನಮ್ಮ ವಿಭಾಗಕ್ಕೂ ಸೇರಿದ್ದು.

ಅವರು ಹುಟ್ಟಿದ್ದು 1867ರ ನವೆಂಬರ್ 7ರಂದು, ಪೋಲೆಂಡಿನ ವಾರ್ಸಾದಲ್ಲಿ. ಹೆಸರು ಮಾರಿಯಾ ಸ್ಕ್ಲೊಡೋವ್‌ಸ್ಕಾ. ಐದು ಮಕ್ಕಳಲ್ಲಿ ಕೊನೆಯವರು. ತಂದೆ ಗಣಿತ ಮತ್ತು ಭೌತಶಾಸ್ತ್ರದ ಮೇಷ್ಟ್ರು. ಆಗ ವಾರ್ಸಾ ರಷ್ಯಾದ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು. ಮನೆಯಲ್ಲಿ ಪೋಲಿಷ್, ಶಾಲೆಯಲ್ಲಿ ರಷ್ಯನ್. ತಮ್ಮ ಭಾಷೆಯಲ್ಲಿ ತಮ್ಮ ಚರಿತ್ರೆ ಕಲಿಯುವುದೂ ತಪ್ಪಾಗಿತ್ತು. ನನ್ನ ಮನೆಮಾತು ಉರ್ದು, ಬರೆಯುತ್ತಿರುವುದು ಕನ್ನಡ. ಎರಡು ಭಾಷೆಯ ನಡುವೆ ಬೆಳೆಯುವುದು ನಮ್ಮಲ್ಲಿ ಅನೇಕರಿಗೆ ಗೊತ್ತು. ಆದರೆ ನಮಗೆ ಯಾರೂ ಮನೆಮಾತನ್ನು ನಿಷೇಧಿಸಿಲ್ಲ, ಅವರಿಗೆ ನಿಷೇಧಿಸಿದ್ದರು. ಹತ್ತು ವರ್ಷದ ಹುಡುಗಿಯಾಗಿದ್ದಾಗ ತಾಯಿ ಕ್ಷಯದಿಂದ ತೀರಿಕೊಂಡರು. ಅದಕ್ಕೆ ಮೊದಲೇ ದೊಡ್ಡಕ್ಕ ಟೈಫಸ್ ಜ್ವರದಲ್ಲಿ ಹೋಗಿದ್ದರು.

ಹದಿನೈದನೇ ವಯಸ್ಸಿಗೆ ಚಿನ್ನದ ಪದಕದೊಂದಿಗೆ ಶಾಲೆ ಮುಗಿಯಿತು. ಮುಂದೆ ದಾರಿ ಇರಲಿಲ್ಲ, ಏಕೆಂದರೆ ವಾರ್ಸಾ ವಿಶ್ವವಿದ್ಯಾಲಯಕ್ಕೆ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಪೊಲೀಸರ ಕಣ್ಣು ತಪ್ಪಿಸಿ ಮನೆಯಿಂದ ಮನೆಗೆ ಜಾಗ ಬದಲಿಸುತ್ತಾ ಪಾಠ ನಡೆಸುತ್ತಿದ್ದ ಗುಪ್ತ ತರಗತಿಗಳಿಗೆ ಅವರು ಹೋಗುತ್ತಿದ್ದರು. ಅಕ್ಕ ಬ್ರೋನಿಯಾ ಜೊತೆ ಒಂದು ಒಪ್ಪಂದ ಮಾಡಿಕೊಂಡರು. ಅಕ್ಕ ಮೊದಲು ಪ್ಯಾರಿಸ್‌ಗೆ ಹೋಗಿ ಡಾಕ್ಟರ್ ಓದುವುದು, ಖರ್ಚಿಗೆ ತಂಗಿ ದುಡಿದು ಕಳಿಸುವುದು. ಆಮೇಲೆ ಅಕ್ಕ ತಂಗಿಯನ್ನು ಓದಿಸುವುದು. ಹಾಗೆ ಮಾರಿಯಾ ಹಳ್ಳಿಯ ಸಾಹುಕಾರರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸಕ್ಕೆ ಸೇರಿದರು. ಬಿಡುವಿನಲ್ಲಿ ರೈತರ ಮಕ್ಕಳಿಗೆ ಪೋಲಿಷ್ ಅಕ್ಷರ ಕಲಿಸಿದರು. ಗೊತ್ತಾದರೆ ಶಿಕ್ಷೆ ಇತ್ತು. ತನ್ನ ಸರದಿ ಬರುವಷ್ಟರಲ್ಲಿ ವಯಸ್ಸು 24. 1891ರಲ್ಲಿ ಪ್ಯಾರಿಸ್ ಸೇರಿ, 1893ರಲ್ಲಿ ಭೌತಶಾಸ್ತ್ರ ಪದವಿಯಲ್ಲಿ ಮೊದಲ ಸ್ಥಾನ, ಮರುವರ್ಷ ಗಣಿತದಲ್ಲಿ ಎರಡನೇ ಸ್ಥಾನ ಪಡೆದರು. 1895ರಲ್ಲಿ ಪಿಯರ್ ಕ್ಯೂರಿ ಎಂಬ ವಿಜ್ಞಾನಿಯನ್ನು ಮದುವೆಯಾದರು. ಮದುವೆಗೆ ಗಾಢ ನೀಲಿ ಬಟ್ಟೆಯನ್ನು ಆರಿಸಿದ್ದು ಆಮೇಲೆ ಲ್ಯಾಬಿಗೂ ಹಾಕಿಕೊಳ್ಳಬಹುದೆಂದು. ಇಲ್ಲಿಂದಾಚೆ ಅವರು ಮೇರಿ ಕ್ಯೂರಿ.

ಮದುವೆಯಾದ ವರ್ಷವೇ ಜರ್ಮನಿಯಲ್ಲಿ ರಾಂಟ್‌ಜೆನ್ ಎಕ್ಸ್-ರೇ ಕಂಡುಹಿಡಿದರು. ಮರುವರ್ಷ ಪ್ಯಾರಿಸ್‌ನಲ್ಲಿ ಬೆಕೆರೆಲ್, ಯುರೇನಿಯಂ ಲವಣ ಕತ್ತಲಲ್ಲೂ ಫೋಟೋ ತಟ್ಟೆಯನ್ನು ಕಪ್ಪಾಗಿಸುವುದನ್ನು ಕಂಡರು. ಮೇರಿ ಇದನ್ನೇ ಸಂಶೋಧನೆಗೆ ಎತ್ತಿಕೊಂಡರು. ಬೇರೆಯವರು ಫೋಟೋ ನೋಡಿ ಹೆಚ್ಚು ಕಡಿಮೆ ಅನ್ನುತ್ತಿದ್ದಾಗ, ಗಂಡ ಮತ್ತು ಭಾವ ಸೇರಿ ಮಾಡಿದ್ದ ಸೂಕ್ಷ್ಮ ವಿದ್ಯುತ್ ಮಾಪಕದಿಂದ ಇವರು ಪ್ರತಿಯೊಂದನ್ನೂ ಅಂಕಿಯಲ್ಲಿ ಅಳೆದರು. ಅದೃಷ್ಟ ಇದ್ದದ್ದು ಆ ಅಂಕಿಗಳಲ್ಲೇ. ಪಿಚ್‌ಬ್ಲೆಂಡ್ ಎಂಬ ಅದಿರಿನಲ್ಲಿ ಯುರೇನಿಯಂ ಎಷ್ಟಿದೆಯೋ ಅದಕ್ಕೆ ಬರಬೇಕಾದ್ದಕ್ಕಿಂತ ಹೆಚ್ಚು ವಿಕಿರಣ ಬರುತ್ತಿತ್ತು. ಖಾತೆಯಲ್ಲಿ ಜಮಾ ಖರ್ಚು ತಾಳೆಯಾಗದಿದ್ದರೆ ಎಲ್ಲೋ ಬರೆಯದ ಮೊತ್ತ ಇದೆ ಎಂದು ನಮಗೆ ಕಲಿಸುತ್ತಾರಲ್ಲ, ಹಾಗೆಯೇ. ಆ ಬರೆಯದ ಮೊತ್ತ ಎರಡು ಹೊಸ ಮೂಲವಸ್ತುಗಳು. 1898ರ ಜುಲೈನಲ್ಲಿ ಒಂದಕ್ಕೆ ತಾಯ್ನಾಡಿನ ಹೆಸರಿಟ್ಟು ಪೊಲೋನಿಯಂ ಎಂದರು. ಡಿಸೆಂಬರ್‌ನಲ್ಲಿ ಇನ್ನೊಂದಕ್ಕೆ ರೇಡಿಯಂ ಎಂದರು. ವಿಕಿರಣಶೀಲತೆ ಎಂಬ ಪದವನ್ನು ಜಗತ್ತಿಗೆ ಕೊಟ್ಟವರೂ ಅವರೇ.

ಹೆಸರಿಟ್ಟರೆ ಸಾಲದು, ವಸ್ತುವನ್ನು ತೋರಿಸಬೇಕಿತ್ತು. ಹಿಂದೆ ವೈದ್ಯ ವಿದ್ಯಾರ್ಥಿಗಳು ಹೆಣ ಕೊಯ್ಯುತ್ತಿದ್ದ, ಮಳೆಗೆ ಸೋರುವ ಒಂದು ಶೆಡ್ ಸಿಕ್ಕಿತು. ಬೊಹೀಮಿಯಾದ ಗಣಿಯಿಂದ ಯುರೇನಿಯಂ ತೆಗೆದು ಎಸೆದಿದ್ದ ಕಸವನ್ನು ಟನ್‌ಗಟ್ಟಲೆ ತರಿಸಿದರು. ದೊಡ್ಡ ಹಂಡೆಗಳಲ್ಲಿ ಕುದಿಸುವುದು, ತನ್ನಷ್ಟೇ ಎತ್ತರದ ಕಬ್ಬಿಣದ ಸಲಾಕೆಯಿಂದ ತಿರುವುವುದು, ಸೋಸುವುದು, ಮತ್ತೆ ಕುದಿಸುವುದು. ಸುಮಾರು ನಾಲ್ಕು ವರ್ಷ ಇದೇ ಕೆಲಸ, ಮಧ್ಯೆ ಪುಟ್ಟ ಮಗಳು ಐರೀನ್‌ಳ ಪಾಲನೆ. 1902ರಲ್ಲಿ ಕೈಗೆ ಬಂದದ್ದು ಒಂದು ಗ್ರಾಂನ ಹತ್ತನೇ ಒಂದು ಭಾಗ ರೇಡಿಯಂ ಲವಣ. ರಾತ್ರಿ ಗಂಡ ಹೆಂಡತಿ ಶೆಡ್ಡಿಗೆ ಹೋಗಿ, ದೀಪ ಹಚ್ಚದೆ, ಕತ್ತಲಲ್ಲಿ ಮಿನುಗುವ ಗಾಜಿನ ಕೊಳವೆಗಳನ್ನು ನೋಡುತ್ತಾ ಕೂರುತ್ತಿದ್ದರಂತೆ. ಈ ಹೊಳಪನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬ್ರೆಜಿಲ್‌ನಲ್ಲಿ ಅದು ಮತ್ತೆ ಬರುತ್ತದೆ.

ಅವರು ಇದರ ಪೇಟೆಂಟ್ ತೆಗೆದುಕೊಳ್ಳಲಿಲ್ಲ. ತಯಾರಿಸುವ ವಿಧಾನವನ್ನು ಕೇಳಿದವರಿಗೆಲ್ಲ ಹೇಳಿದರು. ಕಾಮರ್ಸ್ ವಿದ್ಯಾರ್ಥಿಯಾಗಿ ನನಗೆ ಹೊಟ್ಟೆ ಉರಿಯುವುದು ಇಲ್ಲೇ. ಆದರೆ ಗೌರವ ಹುಟ್ಟುವುದೂ ಇಲ್ಲೇ.

ರೇಡಿಯಂ ಅಪಾಯ ಎಂದು ಅವರಿಗೆ ಗೊತ್ತಿರಲಿಲ್ಲ ಎಂದು ಅನೇಕರು ಹೇಳುತ್ತಾರೆ. ಅದು ಪೂರ್ತಿ ಸರಿಯಲ್ಲ. 1901ರ ಹೊತ್ತಿಗೆ ಬೆಕೆರೆಲ್ ತಮ್ಮ ಕೋಟಿನ ಜೇಬಿನಲ್ಲಿ ರೇಡಿಯಂ ಕೊಳವೆ ಇಟ್ಟುಕೊಂಡು ಓಡಾಡಿ ಚರ್ಮ ಸುಟ್ಟುಕೊಂಡಿದ್ದರು. ಪಿಯರ್ ಬೇಕೆಂದೇ ಹತ್ತು ಗಂಟೆ ತೋಳಿಗೆ ಕಟ್ಟಿಕೊಂಡು ನೋಡಿದರು. ಐವತ್ತು ದಿನ ಕಳೆದರೂ ಗಾಯ ಪೂರ್ತಿ ಮಾಯಲಿಲ್ಲ. ಮೇರಿಯ ಬೆರಳ ತುದಿಗಳು ಒರಟಾಗಿ ಸುಲಿಯುತ್ತಿದ್ದವು. ಚರ್ಮವನ್ನು ಸುಡುವುದು ಗೆಡ್ಡೆಯನ್ನೂ ಸುಡಬಹುದೆಂದು ವೈದ್ಯರು ಅದನ್ನು ಕ್ಯಾನ್ಸರ್ ಚಿಕಿತ್ಸೆಗೆ ತೆಗೆದುಕೊಂಡರು. 1903ರಲ್ಲಿ ಬೆಕೆರೆಲ್ ಜೊತೆ ದಂಪತಿಗೆ ಭೌತಶಾಸ್ತ್ರದ ನೊಬೆಲ್ ಬಂತು. 1905ರಲ್ಲಿ ಸ್ಟಾಕ್‌ಹೋಮ್‌ಗೆ ಹೋಗಿ ಭಾಷಣ ಮಾಡಿದಾಗ ಪಿಯರ್, ಕೆಟ್ಟವರ ಕೈಗೆ ಸಿಕ್ಕರೆ ರೇಡಿಯಂ ಬಹಳ ಅಪಾಯಕಾರಿ ಆಗಬಹುದೆಂದು ಎಚ್ಚರಿಸಿದರು. ನಮ್ಮ ತರಗತಿಯ ಪ್ರಶ್ನೆಯನ್ನು ಮೊದಲು ಎತ್ತಿದವರಲ್ಲಿ ಒಬ್ಬರು ಮೇರಿಯ ಗಂಡನೇ.

1906ರ ಏಪ್ರಿಲ್ 19ರಂದು ಮಳೆಯಲ್ಲಿ ರಸ್ತೆ ದಾಟುತ್ತಿದ್ದ ಪಿಯರ್ ಕುದುರೆ ಗಾಡಿಯ ಕೆಳಗೆ ಸಿಕ್ಕಿ ತೀರಿಕೊಂಡರು. ಮೇರಿಗೆ 38 ವರ್ಷ, ಇಬ್ಬರು ಚಿಕ್ಕ ಹೆಣ್ಣುಮಕ್ಕಳು. ಗಂಡನ ಹುದ್ದೆಯನ್ನು ಅವರಿಗೇ ಕೊಟ್ಟರು. ಸೋರ್ಬೋನ್‌ನಲ್ಲಿ ಪಾಠ ಮಾಡಿದ ಮೊದಲ ಮಹಿಳೆ ಅವರು. 1911ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಕೂಡ ಬಂತು. ಅದೇ ವರ್ಷ ವಿಜ್ಞಾನ ಅಕಾಡೆಮಿಯ ಚುನಾವಣೆಯಲ್ಲಿ ಸೋತರು, ಪತ್ರಿಕೆಗಳು ಅವರ ಖಾಸಗಿ ಬದುಕನ್ನು ಬೀದಿಗೆ ತಂದವು, ಪರದೇಶದವಳು ಎಂದು ಜರಿದವು. ಅದನ್ನು ಇಲ್ಲಿ ಬೆಳೆಸುವುದಿಲ್ಲ.

1914ರಲ್ಲಿ ಯುದ್ಧ ಬಂತು. ಜರ್ಮನ್ ಸೈನ್ಯ ಪ್ಯಾರಿಸ್ ಹತ್ತಿರ ಬಂದಾಗ ಮೇರಿ ಫ್ರಾನ್ಸಿನ ಅಮೂಲ್ಯ ರೇಡಿಯಂ ಅನ್ನು ಭಾರದ ಸೀಸದ ಪೆಟ್ಟಿಗೆಯಲ್ಲಿಟ್ಟು, ತುಂಬಿ ತುಳುಕುತ್ತಿದ್ದ ರೈಲಿನಲ್ಲಿ ಬೋರ್ಡೋ ನಗರಕ್ಕೆ ಸಾಗಿಸಿದರು. ಎಲ್ಲರೂ ಪ್ಯಾರಿಸ್ ಬಿಟ್ಟು ಓಡುತ್ತಿದ್ದಾಗ ಅವರು ಪೆಟ್ಟಿಗೆ ಒಪ್ಪಿಸಿ ಪ್ಯಾರಿಸ್‌ಗೆ ವಾಪಸ್ ಬಂದರು. ಆಮೇಲೆ ಮೋಟಾರು ಗಾಡಿಗಳಿಗೆ ಎಕ್ಸ್-ರೇ ಯಂತ್ರ ಕೂರಿಸಿ, ಎಂಜಿನ್‌ನಿಂದಲೇ ಕರೆಂಟ್ ಹುಟ್ಟಿಸಿ, ರಣರಂಗದ ಹತ್ತಿರ ಹೋದರು. ಅಂಥ ಸುಮಾರು 20 ಗಾಡಿಗಳು, 200 ಎಕ್ಸ್-ರೇ ಕೇಂದ್ರಗಳು ತಯಾರಾದವು. ಹತ್ತು ಲಕ್ಷಕ್ಕೂ ಹೆಚ್ಚು ಗಾಯಾಳುಗಳ ಮೈಯಲ್ಲಿ ಗುಂಡು ಎಲ್ಲಿದೆ, ಮೂಳೆ ಎಲ್ಲಿ ಮುರಿದಿದೆ ಎಂದು ನೋಡಲು ಸಾಧ್ಯವಾಯಿತು. ಅವರೇ ಡ್ರೈವಿಂಗ್ ಕಲಿತರು, ಸುಮಾರು 150 ಹೆಂಗಸರಿಗೆ ತರಬೇತಿ ಕೊಟ್ಟರು. ಜೊತೆಗೆ ನಿಂತವಳು ಮಗಳು ಐರೀನ್. ಆಗ ಆಕೆಗೆ 17, ನನ್ನ ವಯಸ್ಸು. ಯಂತ್ರದ ಪಕ್ಕ ನಿಲ್ಲುವಾಗ ತಾಯಿಗಾಗಲಿ ಮಗಳಿಗಾಗಲಿ ಸಾಕಷ್ಟು ರಕ್ಷಣೆ ಇರಲಿಲ್ಲ.

ಯುದ್ಧ ಮುಗಿದ ಮೇಲೆ ನೋಡಿದರೆ, ರೇಡಿಯಂ ಕಂಡುಹಿಡಿದವರ ಪ್ರಯೋಗಾಲಯಕ್ಕೇ ಹೆಚ್ಚು ರೇಡಿಯಂ ಕೊಳ್ಳುವ ಶಕ್ತಿ ಇಲ್ಲ. ಒಂದು ಗ್ರಾಂಗೆ ಒಂದು ಲಕ್ಷ ಡಾಲರ್. ಅಮೆರಿಕದ ಮಹಿಳೆಯರು ಚಂದಾ ಎತ್ತಿ ಅಷ್ಟು ಹಣ ಸೇರಿಸಿದರು. 1921ರ ಮೇ ತಿಂಗಳಲ್ಲಿ ಅಮೆರಿಕದ ಅಧ್ಯಕ್ಷ ಹಾರ್ಡಿಂಗ್ ಅದನ್ನು ಅವರಿಗೆ ಒಪ್ಪಿಸಿದರು. 1929ರಲ್ಲಿ ವಾರ್ಸಾದ ಆಸ್ಪತ್ರೆಗೆಂದು ಇನ್ನೊಂದು ಗ್ರಾಂಗೆ ಹಣ ಸಿಕ್ಕಿತು, ಆಗ 50,000 ಡಾಲರ್ ಸಾಕಾಯಿತು. ಕಾಂಗೋದಲ್ಲಿ ಉತ್ತಮ ಅದಿರು ಸಿಕ್ಕಿ ಪೂರೈಕೆ ಹೆಚ್ಚಿದ್ದರಿಂದ ಬೆಲೆ ಇಳಿದಿತ್ತು. ಅರ್ಥಶಾಸ್ತ್ರದ ಉಪನ್ಯಾಸಕರು ಈ ಉದಾಹರಣೆಯನ್ನು ತರಗತಿಯಲ್ಲಿ ಬಳಸಬಹುದು!

ಆ ಕಾಲದಲ್ಲಿ ಜನಕ್ಕೆ ರೇಡಿಯಂ ಎಂದರೆ ಭಯವೇ ಇರಲಿಲ್ಲ. ಟಾನಿಕ್‌ನಲ್ಲಿ ರೇಡಿಯಂ, ಮುಖಕ್ಕೆ ಹಚ್ಚುವ ಕ್ರೀಮಿನಲ್ಲಿ ರೇಡಿಯಂ. ಅಮೆರಿಕದ ಕಾರ್ಖಾನೆಗಳಲ್ಲಿ ಹುಡುಗಿಯರು ಗಡಿಯಾರದ ಅಂಕಿಗಳಿಗೆ ರೇಡಿಯಂ ಬಣ್ಣ ಬಳಿಯುತ್ತಾ, ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳುತ್ತಿದ್ದರು. ಹಾಗೆ ಮಾಡಲು ಹೇಳಿಕೊಟ್ಟವರು ಮೇಲಿನವರೇ. ರೇಡಿಯಂ ಮೂಳೆಗೆ ಸೇರಿ ದವಡೆ ಕೊಳೆತು ಅನೇಕರು ಸತ್ತರು. ಹಿರೋಷಿಮಾದ ನಂತರ ತಕ್ಕಡಿ ಇನ್ನೊಂದು ಕಡೆಗೆ ವಾಲಿತು. ಈಗ ವಿಕಿರಣ ಎಂಬ ಪದ ಕೇಳಿದರೇ ಓಡುವ ಕಾಲ. ಎರಡು ಕಾಲದಲ್ಲೂ ಜನ ಕೇಳದೆ ಬಿಟ್ಟದ್ದು ಮೇರಿಯ ಪ್ರಶ್ನೆ: ಎಷ್ಟು?

ಎಷ್ಟು ಎಂದು ಕೇಳಿದರೆ ಡರ್ಟಿ ಬಾಂಬ್ ಬೇರೆಯಾಗಿ ಕಾಣುತ್ತದೆ. ಅಣುಬಾಂಬಿನಲ್ಲಿ ಪರಮಾಣುಗಳು ಸರಪಳಿಯಂತೆ ಒಡೆದು ಊರನ್ನೇ ಸುಡುತ್ತವೆ. ಡರ್ಟಿ ಬಾಂಬಿನಲ್ಲಿ ಅದು ಆಗುವುದೇ ಇಲ್ಲ. ಸಿಡಿಯುವುದು ಸಾಮಾನ್ಯ ಸ್ಫೋಟಕ, ವಿಕಿರಣ ವಸ್ತು ದೂಳಿನಂತೆ ಚದುರುತ್ತದೆ. ಚದುರಿದಷ್ಟೂ ತೆಳುವಾಗುತ್ತದೆ. ಒಂದು ಮುಷ್ಟಿ ಖಾರದ ಪುಡಿಯನ್ನು ಕಣ್ಣಿಗೆ ಎರಚುವುದಕ್ಕೂ ಮಹಡಿಯ ಮೇಲಿಂದ ಆಟದ ಮೈದಾನಕ್ಕೆಲ್ಲ ತೂರುವುದಕ್ಕೂ ಇರುವಷ್ಟು ವ್ಯತ್ಯಾಸ. ಆದ್ದರಿಂದ ತಕ್ಷಣ ಸಾಯುವವರು ಬಹುಪಾಲು ಸ್ಫೋಟದಿಂದಲೇ ಸಾಯುತ್ತಾರೆ. 1987ರಲ್ಲಿ ಇರಾಕ್ ಸರ್ಕಾರ ಇಂಥ ಬಾಂಬನ್ನು ಮಾಡಿ ಪರೀಕ್ಷಿಸಿ, ವಿಕಿರಣ ಸಾಲದೆಂದು ಕೈಬಿಟ್ಟಿತು. ಒಂದು ದೇಶಕ್ಕೇ ಆಗದ್ದು ನಾಲ್ಕು ಜನರ ಗುಂಪಿಗೆ ಸುಲಭವಲ್ಲ. 1995ರಲ್ಲಿ ಚೆಚೆನ್ ಬಂಡುಕೋರರು ಮಾಸ್ಕೋದ ಒಂದು ಉದ್ಯಾನದಲ್ಲಿ ಸೀಸಿಯಂ ಹೂತಿಟ್ಟು ಟಿ.ವಿ.ಯವರಿಗೆ ಸುಳಿವು ಕೊಟ್ಟರು. ಅದು ಸಿಡಿಯಲಿಲ್ಲ, ಯಾರಿಗೂ ಏನೂ ಆಗಲಿಲ್ಲ, ಆದರೆ ಸುದ್ದಿ ಇಡೀ ಜಗತ್ತನ್ನು ಹೆದರಿಸಿತು. ಅವರಿಗೆ ಬೇಕಾಗಿದ್ದದ್ದೂ ಅದೇ ಇರಬೇಕು.

ನಮ್ಮ ರಾಜ್ಯದಲ್ಲೂ ಒಮ್ಮೆ ಯಾರೋ ಬೇಕೆಂದೇ ವಿಕಿರಣವನ್ನು ಜನರ ಮೇಲೆ ಬಳಸಿದ್ದರು. 2009ರ ನವೆಂಬರ್, ಉತ್ತರ ಕನ್ನಡದ ಕೈಗಾ ಅಣು ವಿದ್ಯುತ್ ಸ್ಥಾವರ. ಕಾರ್ಮಿಕರು ನೀರು ಕುಡಿಯುವ ಕೂಲರಿಗೆ ಟ್ರಿಷಿಯಂ ಇದ್ದ ಭಾರಜಲ ಸೇರಿತ್ತು. ನಿಯಮದಂತೆ ನಡೆಯುವ ಮೂತ್ರ ಪರೀಕ್ಷೆಯಲ್ಲಿ ಐವತ್ತಕ್ಕೂ ಹೆಚ್ಚು ಜನರಲ್ಲಿ ಟ್ರಿಷಿಯಂ ಕಂಡಿತು. ಇದು ಒಳಗಿನವರೇ ಮಾಡಿದ ದುಷ್ಕೃತ್ಯ ಎಂದು ಅಧಿಕಾರಿಗಳು ಹೇಳಿದರು. ಟ್ರಿಷಿಯಂನ ಕಿರಣ ಚರ್ಮವನ್ನು ದಾಟಲಾರದು, ಒಳಗೆ ಹೋದರೆ ಮಾತ್ರ ತೊಂದರೆ. ಒಳಗೆ ಹೋದದ್ದು ನೀರಿನ ಜೊತೆ ನೀರಾಗಿ ಸುಮಾರು ಹತ್ತು ದಿನಕ್ಕೆ ಅರ್ಧದಷ್ಟು ಹೊರಬೀಳುತ್ತದೆ. ಹೆಚ್ಚು ನೀರು ಕುಡಿಸುವುದು, ಮೂತ್ರ ಹೆಚ್ಚಿಸುವ ಔಷಧ ಕೊಡುವುದು, ಇದೇ ಚಿಕಿತ್ಸೆ. ಸ್ಥಾವರದ ನೌಕರರಿಗೆ ವರ್ಷಕ್ಕೆ 30 ಮಿಲಿಸೀವರ್ಟ್ ದಾಟಬಾರದೆಂಬ ಮಿತಿ ಇದೆ. ಒಂದಿಬ್ಬರನ್ನು ಬಿಟ್ಟರೆ ಉಳಿದವರೆಲ್ಲ ಮಿತಿಯೊಳಗೇ ಇದ್ದರು. ಹೊಟ್ಟೆಯ ಒಂದು ಸಿಟಿ ಸ್ಕ್ಯಾನಿನಲ್ಲಿ ಸುಮಾರು 10 ಬರುತ್ತದೆ. ಚಿಕಿತ್ಸೆ ಇಲ್ಲದೆ ಅರ್ಧದಷ್ಟು ಜನ ಸಾಯುವ ಪ್ರಮಾಣ ನಾಲ್ಕು ಸಾವಿರ ಮಿಲಿಸೀವರ್ಟ್‌ನ ಆಸುಪಾಸು, ಅದೂ ಒಮ್ಮೆಲೇ ಬಿದ್ದರೆ. ಕೈಗಾದ್ದು ದೊಡ್ಡ ಅಪರಾಧ, ನಿಜ. ಕುಡಿಯುವ ನೀರಿಗೆ ಕೈ ಹಾಕಿದವರಿಗೆ ಕ್ಷಮೆ ಇಲ್ಲ. ಆದರೆ ಅಪರಾಧ ದೊಡ್ಡದಾಗಿತ್ತು, ವಿಕಿರಣ ಸಣ್ಣದಾಗಿತ್ತು.

ಹಾಗಾದರೆ ಹೆದರುವುದೇ ಬೇಡವೇ? ಇಲ್ಲಿ ನಾನು ನಮ್ಮ ಮಾಮೂ ಅಂಗಡಿಯ ಕಡೆ ತಿರುಗುತ್ತೇನೆ. ಅವರದು ಗುಜರಿ ವ್ಯಾಪಾರ. ಕಾರ್ಖಾನೆಗಳ ಹಳೆಯ ಕಬ್ಬಿಣ, ಸೀಸ, ತಾಮ್ರ ಬರುತ್ತದೆ. ನಮ್ಮ ಕಾಲೇಜಿನ ಎಷ್ಟೋ ಮನೆಗಳ ಅನ್ನ ಇದೇ ವ್ಯಾಪಾರದಿಂದ. ವಿಕಿರಣ ಚದುರಿದಾಗ ತೆಳು, ಆದರೆ ಒಂದೇ ಕಡೆ ಗಟ್ಟಿಯಾಗಿದ್ದಾಗ ಕೊಲ್ಲುತ್ತದೆ. 2010ರಲ್ಲಿ ದೆಹಲಿ ವಿಶ್ವವಿದ್ಯಾಲಯ ಬಳಸದೆ ಬಿಟ್ಟಿದ್ದ ಒಂದು ಯಂತ್ರವನ್ನು ಹರಾಜು ಹಾಕಿತು. ಅದರೊಳಗೆ ಕೋಬಾಲ್ಟ್-60 ಇತ್ತು. ಮಾಯಾಪುರಿಯ ಗುಜರಿಯಲ್ಲಿ ಅದನ್ನು ಬಿಚ್ಚಿದರು. ಒಬ್ಬ ಕೆಲಸಗಾರ ಸತ್ತ, ಹಲವರು ಆಸ್ಪತ್ರೆ ಸೇರಿದರು. ಒಬ್ಬರು ಹೊಳೆಯುವ ತುಂಡನ್ನು ಪರ್ಸಿನಲ್ಲಿ ಇಟ್ಟುಕೊಂಡಿದ್ದರು. ಬೆಕೆರೆಲ್ ಜೇಬಿಗೂ ಆ ಪರ್ಸಿಗೂ ನಡುವೆ ನೂರಕ್ಕೂ ಹೆಚ್ಚು ವರ್ಷ. ಅಲ್ಲಿ ಬಾಂಬೂ ಇರಲಿಲ್ಲ, ಶತ್ರುವೂ ಇರಲಿಲ್ಲ, ರಸೀದಿ ಮಾತ್ರ ಇತ್ತು.

ಬ್ರೆಜಿಲ್‌ನ ಗೊಯಾನಿಯಾ ನಗರದ ಕಥೆ ಇನ್ನೂ ದೊಡ್ಡದು. 1987ರಲ್ಲಿ, ಖಾಲಿ ಮಾಡಿದ್ದ ಆಸ್ಪತ್ರೆಯಲ್ಲಿ ಉಳಿದಿದ್ದ ಕ್ಯಾನ್ಸರ್ ಯಂತ್ರವನ್ನು ಇಬ್ಬರು ಗುಜರಿಗೆ ಮಾರಿದರು. ಒಳಗಿದ್ದದ್ದು ನೂರು ಗ್ರಾಂಗೂ ಕಡಿಮೆ ಸೀಸಿಯಂ ಪುಡಿ, 1,375 ಕ್ಯೂರಿ. ಅಮೆರಿಕದ ಮಹಿಳೆಯರೆಲ್ಲ ಸೇರಿ ಮೇರಿಗೆ ಕೊಟ್ಟದ್ದು ಒಂದು ಕ್ಯೂರಿ ಎಂದು ನೆನೆದರೆ ಅಂದಾಜು ಸಿಗುತ್ತದೆ. ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತಿದ್ದ ಪುಡಿಯನ್ನು ನೆಂಟರಿಗೆಲ್ಲ ಹಂಚಿದರು, ಮಕ್ಕಳು ಮೈಗೆ ಬಳಿದುಕೊಂಡರು. ಆರು ವರ್ಷದ ಹುಡುಗಿ ಸೇರಿ ನಾಲ್ವರು ಸತ್ತರು, 249 ಜನರ ಮೇಲೆ ಅಥವಾ ಒಳಗೆ ಸೀಸಿಯಂ ಸಿಕ್ಕಿತು. ಆದರೆ ಕ್ರೀಡಾಂಗಣದಲ್ಲಿ ಪರೀಕ್ಷೆಗೆ ಬಂದವರು 1,12,000 ಜನ! ಆ ಮಗುವನ್ನು ಹೂಳಲು ಹೋದಾಗ ಊರವರು ಅಡ್ಡ ನಿಂತು ಕಲ್ಲು ತೂರಿದರು. ಆ ಕಡೆಯ ಸರಕನ್ನು ಕೊಳ್ಳಲು ಬೇರೆ ಊರಿನವರು ಹಿಂಜರಿದರು. ನಾಲ್ಕು ಸಾವು ವಿಕಿರಣದ ಖಾತೆಗೆ, ಉಳಿದ ನಷ್ಟದ ದೊಡ್ಡ ಪಾಲು ಭಯದ ಖಾತೆಗೆ. ಹಾರೋಹಳ್ಳಿಯಲ್ಲಿ ಏನಾದರೂ ಆದರೂ ನಮ್ಮನ್ನು ಹೊಡೆಯುವುದು ಇದೇ ಎರಡನೇ ಖಾತೆ ಎಂದು ನನಗನ್ನಿಸುತ್ತದೆ. ಸ್ವಚ್ಛಗೊಳಿಸುವವರೆಗೆ ಬೀದಿಗಳು ಮುಚ್ಚುತ್ತವೆ, ಕೆಲಸ ನಿಲ್ಲುತ್ತದೆ, ಊರಿನ ಹೆಸರೇ ಕೆಡುತ್ತದೆ. ಬಸ್ಸಿಗೆ ಮುಗಿಬಿದ್ದು ತುಳಿತಕ್ಕೆ ಸಿಗುವುದಕ್ಕಿಂತ, ಮನೆಯೊಳಗೆ ಹೋಗಿ ಕಿಟಕಿ ಮುಚ್ಚಿ, ಮೇಲಿನ ಬಟ್ಟೆ ತೆಗೆದು ಚೀಲಕ್ಕೆ ಹಾಕಿ ಕಟ್ಟಿ, ಸೋಪು ಹಾಕಿ ಸ್ನಾನ ಮಾಡಿದರೆ ಮೈಮೇಲೆ ಬಿದ್ದ ದೂಳಿನ ಬಹುಭಾಗ ಹೋಗುತ್ತದೆ. ಗುಜರಿಯಲ್ಲಿ ಮೂರು ರೆಕ್ಕೆಯ ಫ್ಯಾನಿನಂಥ ಚಿಹ್ನೆ ಇರುವ, ಗಾತ್ರಕ್ಕೆ ಮೀರಿದ ಭಾರದ ಡಬ್ಬಿ ಬಂದರೆ ಬಿಚ್ಚದೆ, ದೂರ ನಿಂತು, ಪೊಲೀಸರಿಗೆ ಹೇಳಬೇಕು. ಮಾಮೂಗೆ ಆ ಚಿಹ್ನೆಯನ್ನು ಬರೆದು ಕೊಟ್ಟಿದ್ದೇನೆ, ತಕ್ಕಡಿಯ ಮೇಲೆ ಅಂಟಿಸಿದ್ದಾರೆ.

ವಿಕಿರಣದಿಂದ ಬೇಕೆಂದೇ ಕೊಲ್ಲಲು ಸಾಧ್ಯವೇ ಇಲ್ಲ ಎಂದಲ್ಲ. 2006ರಲ್ಲಿ ಲಂಡನ್‌ನಲ್ಲಿ ಲಿತ್ವಿನೆಂಕೊ ಎಂಬ ರಷ್ಯನ್ ವ್ಯಕ್ತಿಗೆ ಚಹಾದಲ್ಲಿ ಪೊಲೋನಿಯಂ ಹಾಕಿ ಕೊಂದರು. ಮೇರಿ ತಾಯ್ನಾಡಿನ ಹೆಸರಿಟ್ಟ ಅದೇ ಪೊಲೋನಿಯಂ. ಅದು ಊರಿನ ಮೇಲೆ ಎರಚಿದ್ದಲ್ಲ, ಒಬ್ಬನ ಬಟ್ಟಲಿಗೆ ಹಾಕಿದ್ದು.

ಮೇರಿ ಕ್ಯೂರಿ 1934ರ ಜುಲೈ 4ರಂದು, 66ನೇ ವಯಸ್ಸಿನಲ್ಲಿ, ಫ್ರಾನ್ಸಿನ ಬೆಟ್ಟದ ಮೇಲಿನ ಒಂದು ಆರೋಗ್ಯಧಾಮದಲ್ಲಿ ತೀರಿಕೊಂಡರು. ಮೂಳೆ ಮಜ್ಜೆ ರಕ್ತ ತಯಾರಿಸುವುದನ್ನೇ ನಿಲ್ಲಿಸಿತ್ತು. ರೇಡಿಯಂ ಅವರನ್ನು ಕೊಂದಿತು ಎಂದು ಎಲ್ಲರೂ ಹೇಳಿದರು, ಶಾಲೆಯ ಪುಸ್ತಕಗಳೂ ಹಾಗೆಯೇ ಹೇಳುತ್ತವೆ. 1995ರಲ್ಲಿ ಪ್ಯಾರಿಸ್‌ನ ಪ್ಯಾಂಥಿಯನ್‌ಗೆ ಸ್ಥಳಾಂತರಿಸಲು ಸಮಾಧಿ ತೆರೆದಾಗ, ಕೆಲಸಗಾರರಿಗೆ ಅಪಾಯವಾಗಬಾರದೆಂದು ಫ್ರಾನ್ಸಿನ ವಿಕಿರಣ ರಕ್ಷಣಾ ಇಲಾಖೆಯವರು ಉಪಕರಣ ಹಿಡಿದು ನಿಂತಿದ್ದರು. ಮರದ ಪೆಟ್ಟಿಗೆಯೊಳಗೆ ಸೀಸದ ಪೆಟ್ಟಿಗೆ ಇತ್ತು. ಅಳೆದರೆ, ಹೆದರಿದಷ್ಟು ವಿಕಿರಣ ಇರಲಿಲ್ಲ. ದೇಹದೊಳಗೆ ಸೇರಿದ ರೇಡಿಯಂ ಸಾವಿಗೆ ಕಾರಣವಾಗುವಷ್ಟು ಇರಲಿಲ್ಲ. ಯುದ್ಧದ ವರ್ಷಗಳಲ್ಲಿ ಗಾಡಿಯ ಪಕ್ಕ ರಕ್ಷಣೆಯಿಲ್ಲದೆ ನಿಂತಾಗ ಬಿದ್ದ ಎಕ್ಸ್-ರೇಗಳೇ ಹೆಚ್ಚು ಸಂಭವನೀಯ ಕಾರಣ ಎಂದು ಅವರು ತೀರ್ಮಾನಿಸಿದರು. ಆಕೆಯ ನೋಟ್ ಪುಸ್ತಕಗಳು ಮಾತ್ರ ಪ್ಯಾರಿಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಸೀಸದ ಹೊದಿಕೆಯ ಪೆಟ್ಟಿಗೆಗಳಲ್ಲಿ ಇವೆ. ಪುಟಗಳಿಗೆ ಅಂಟಿದ ರೇಡಿಯಂ ಅರ್ಧಕ್ಕೆ ಇಳಿಯಲು 1,600 ವರ್ಷ ಬೇಕು. ಓದಬೇಕೆಂದವರಿಗೆ ಅಧಿಕಾರಿಗಳು ರಕ್ಷಣೆಯ ಬಟ್ಟೆ ತೊಡಿಸಿ, ಸಹಿ ಹಾಕಿಸಿಕೊಂಡು, ಪುಸ್ತಕ ಕೊಡುತ್ತಾರೆ.